ಉತ್ಸವ ಸಮಿತಿ ಅಧ್ಯಕ್ಷರಿಗೊಂದು ಅಭಿನಂದನಾ ಪತ್ರ

ಸಕಲ ರಾಜವಂಶಗಳ ಉತ್ಸವ ಸಮಿತಿಗಳ ಮಾನ್ಯ ಅಧ್ಯಕ್ಷರಿಗೆ,



ಮಳೆ ಹಿಂದೆ ಸರಿದು ಚಳಿ ಹಣಕುತ್ತಿದ್ದಂತೆ ತಾವು ಶಾಮಿಯಾನದವರಿಗೆ ಫೋನು ಹಚ್ಚುತ್ತೀರಿ. ನಾಡಿನ ಇತಿಹಾಸ ಮೈಮುರಿದು ಏಳುತ್ತದೆ. ಮೈಸೂರಿನ ದಸರೆಯ ಬೆನ್ನಿಗೇ ಕಿತ್ತೂರು, ಆಮೇಲೆ ಹಂಪಿ, ಬನವಾಸಿ, ಬಾದಾಮಿ ಎಂದು ಸರದಿ ಸಾಗುತ್ತದೆ. ಕದಂಬರಿಗೂ ವಿಜಯನಗರದವರಿಗೂ ನಡುವೆ ಸಾವಿರ ವರ್ಷದ ಅಂತರವಿದೆಯಂತೆ. ತಾವು ಅದನ್ನು ಒಂದೇ ಏಟಿಗೆ ಅಳಿಸಿಬಿಟ್ಟಿರಿ. ಅದೇ ವೇದಿಕೆ, ಅದೇ ಎಲ್‌ಇಡಿ ಪರದೆ, ರಾತ್ರಿ ಹತ್ತಕ್ಕೆ ಅದೇ ಮುಂಬೈ ಗಾಯಕ. ಬದಲಾಗುವುದು ಹಿಂದಿನ ಫ್ಲೆಕ್ಸ್ ಒಂದೇ.

ಫ್ಲೆಕ್ಸ್ ಎಂದಾಗ ನೆನಪಾಯಿತು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಎಂಬ ಕವಿ ಕ್ರಿ.ಶ. 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಶಾಸನ ಬರೆದ. ಪಾಪ, ಪ್ರಚಾರದ ಕಲೆ ಅವನಿಗೆ ತಿಳಿದಿರಲಿಲ್ಲ. ಶಾಸನದ ತುಂಬ ರಾಜನನ್ನೇ ತುಂಬಿಸಿ, ತನ್ನ ಹೆಸರನ್ನು ಕೊನೆಗೆ ತಂದ. ಅಲ್ಲಿಯೂ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಹೋಲಿಸಿಕೊಂಡು ಸುಮ್ಮನಾದ. ತಮ್ಮ ಫ್ಲೆಕ್ಸಿನಲ್ಲಿ ಹಾಗಲ್ಲ. ಶುಭ ಕೋರುವವರು ಆಳೆತ್ತರ, ಪುಲಕೇಶಿ ಅಂಚೆಚೀಟಿಯಷ್ಟು. ಅದೂ ಮೂಲೆಯಲ್ಲಿ ಜಾಗ ಉಳಿದಿದ್ದರೆ.

ಬನವಾಸಿಯ ವಿಷಯದಲ್ಲಿ ಮಾತ್ರ ತುಸು ಎಚ್ಚರವಿರಲಿ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಬ್ಬನೊಂದಿಗೆ ಜಗಳವಾಗಿ, ದರ್ಭೆ ಬಿಟ್ಟು ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಕದಂಬ ರಾಜ್ಯ ಹುಟ್ಟಿದ್ದೇ ಆ ಜಗಳದ ಅವಮಾನದಿಂದ. ತನ್ನದೇ ಉತ್ಸವಕ್ಕೆ ಬಂದ ಅಂಥವನನ್ನು ವಿಐಪಿ ಪಾಸ್ ಇಲ್ಲವೆಂದು ಗೇಟಿನಲ್ಲಿ ತಡೆದರೆ? ಬ್ಯಾರಿಕೇಡಿನ ಆಚೆ ಇನ್ನೊಂದು ರಾಜ್ಯ ಹುಟ್ಟಿಕೊಂಡೀತು. ಅದಕ್ಕೂ ತಾವೇ ಉತ್ಸವ ಮಾಡಬೇಕಾದೀತು.

ಜನಪದ ಕಲೆಯ ಮೇಲೆ ತಮಗಿರುವ ಪ್ರೀತಿಯನ್ನು ವೇಳಾಪಟ್ಟಿಯೇ ಸಾರುತ್ತದೆ. ಡೊಳ್ಳು, ವೀರಗಾಸೆ, ಕಂಸಾಳೆಯವರಿಗೆ ಮೆರವಣಿಗೆಯ ಬಿಸಿಲು ಮೀಸಲು. ತೊಗಲುಗೊಂಬೆಯವರಿಗೆ ಸಂಜೆ ನಾಲ್ಕರ ಸಮಯ. ಪರದೆಯ ಹಿಂದೆ ದೀಪವಿಟ್ಟು, ಕತ್ತಲಲ್ಲಿ ಆಡಬೇಕಾದ ಆಟವನ್ನು ಹಗಲಿನಲ್ಲಿ ಆಡಿಸುವ ಯೋಚನೆ ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರಿಗೆ 96 ವರ್ಷ. ಅಷ್ಟು ಕಾಲ ಕಾದ ಕಲೆಗೆ ಭಾಷಣ ಮುಗಿಯುವವರೆಗೆ ಕಾಯುವುದೇನು ಕಷ್ಟ! ಗೌರವಧನಕ್ಕೂ ಅದೇ ತಾಳ್ಮೆ ಸಾಕು.

ಬೆಂಗಳೂರಿನ ಬಸವನಗುಡಿಯಲ್ಲೂ ಒಂದು ಪರಿಷೆ ನಡೆಯುತ್ತದೆ, ಕಾರ್ತಿಕದ ಕೊನೆಯ ಸೋಮವಾರ. ಅದರ ಅಶಿಸ್ತು ನೋಡಲಾಗದು. ದೀಪ ಹಚ್ಚುವ ಗಣ್ಯರು ಬರುವ ಮೊದಲೇ ರಸ್ತೆಯ ಬದಿ ಕಡಲೆಕಾಯಿ ರಾಶಿ ಬಿದ್ದಿರುತ್ತದೆ, ಸೇರಿನ ಅಳತೆ ಶುರುವಾಗಿರುತ್ತದೆ. ಬಸವಣ್ಣನಿಗೆ ಹೊಸ ಬೆಳೆ ಒಪ್ಪಿಸಿದ ರೈತನಿಗೆ ನಿರೂಪಕಿ ಬೇಡ, ಕೊಳ್ಳುವವರಿಗೆ ಆಹ್ವಾನ ಪತ್ರಿಕೆ ಬೇಡ. ಸಮಿತಿಯ ಅಪ್ಪಣೆಗೆ ಕಾಯದೆ ಜನ ಹೀಗೆ ಸಂಸ್ಕೃತಿ ಆಚರಿಸಿಕೊಂಡರೆ, ಸಂಸ್ಕೃತಿ ಉಳಿಸುವ ಹೊಣೆ ಹೊತ್ತವರ ಗತಿಯೇನು?

ಆದ್ದರಿಂದ ಒಂದು ಸಣ್ಣ ಬಿನ್ನಹ. ಈ ಸಲ ಒಂದೇ ಒಂದು ದಿನ ವೇಳಾಪಟ್ಟಿಯನ್ನು ತಲೆಕೆಳಗು ಮಾಡಿ. ಸ್ವಾಗತ, ಪ್ರಾಸ್ತಾವಿಕ, ಹಾರ, ತುರಾಯಿ, ಶಾಲು, ಅಧ್ಯಕ್ಷೀಯ ನುಡಿ ಎಲ್ಲವೂ ಸಂಜೆ ನಾಲ್ಕಕ್ಕೆ ಮುಗಿಯಲಿ. ರಾತ್ರಿ ಹತ್ತಕ್ಕೆ ಎಲ್‌ಇಡಿ ಆರಿಸಿ, ಒಂದು ಬಿಳಿ ಬಟ್ಟೆ ಕಟ್ಟಿ, ಗೊಂಬೆಯವರನ್ನು ಕರೆಯಿರಿ. ನಾಲ್ಕಕ್ಕೆ ಯಾರು ಬರುತ್ತಾರೆ, ಹತ್ತಕ್ಕೆ ಯಾರು ಉಳಿಯುತ್ತಾರೆ ಎಂದು ತಾವೇ ಎಣಿಸಿ ನೋಡಿ. ಇತಿಹಾಸದ ಮೇಲೆ ತಮಗೆ ನಂಬಿಕೆ ಇದ್ದರೆ ಭಯವೇಕೆ?

ಇತಿ ತಮ್ಮ ವಿಧೇಯ,
ಹಿಂದಿನ ಸಾಲಿನ ಪ್ರೇಕ್ಷಕ

ವಿ.ಸೂ.: ಆಹ್ವಾನ ಪತ್ರಿಕೆಯ ‘ಘನ ಉಪಸ್ಥಿತಿ’ಯ ಪಟ್ಟಿಯನ್ನು ಪೂರ್ತಿ ಓದಿದೆ. ಶ್ರೀಕೃಷ್ಣದೇವರಾಯನ ಹೆಸರಿಲ್ಲ. ಶಿಷ್ಟಾಚಾರದ ಪ್ರಕಾರ ಅದೇ ಸರಿ. ಅವನು ಸದ್ಯ ಯಾವ ನಿಗಮ ಮಂಡಳಿಯಲ್ಲೂ ಇಲ್ಲ.