ಸೂಕ್ಷ್ಮಗಾಳ ಮೀಮಾಂಸೆ

ನೀರು ತಿಳಿಯಾದಷ್ಟೂ ಶಾಸ್ತ್ರ ಕದಡುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ನಿದರ್ಶನಕ್ಕೆ ಅಮೆರಿಕದ ಮಿಸೌರಿ-ಅರ್ಕನ್ಸಾ ಗಡಿಯಲ್ಲಿರುವ ಟೇಬಲ್ ರಾಕ್ ಜಲಾಶಯ. 1958ರಲ್ಲಿ ವೈಟ್ ನದಿಗೆ ಇಲ್ಲಿ ಕಟ್ಟೆ ಕಟ್ಟಿ ಮುಗಿಸಿದರು. ಓಜಾರ್ಕ್ ಗುಡ್ಡಗಳ ಸುಣ್ಣಕಲ್ಲು, ಜಲ್ಲಿಗಳ ಮೇಲೆ ಹರಿದು ಬಂದ ನೀರು ಇಲ್ಲಿ ತಿಳಿಯಾಗಿ ನಿಂತಿತು. ಅಲ್ಲಿಯವರೆಗೆ ಮನುಷ್ಯ ಮೀನನ್ನು ನೋಡುತ್ತಿದ್ದ. ಆಮೇಲೆ ಮೀನೂ ಮನುಷ್ಯನನ್ನು ನೋಡತೊಡಗಿತು.

ಮೀನೆಂದರೆ ಇಲ್ಲಿ ಬಾಸ್. ದೊಡ್ಡಬಾಯಿ, ಸಣ್ಣಬಾಯಿ, ಚುಕ್ಕೆ ಎಂಬ ಮೂರು ಪಂಗಡಗಳೂ ಈ ಜಲಾಶಯದಲ್ಲಿವೆ. ಇವುಗಳ ಕುಲಕ್ಕೆ 1802ರಲ್ಲಿ ನಾಮಕರಣ ಮಾಡಿದ ಫ್ರೆಂಚ್ ಪಂಡಿತ ಲಾಸೆಪೆಡ್ ಅವರ ಕೈಗೆ ಸಿಕ್ಕಿದ್ದು ಬೆನ್ನುರೆಕ್ಕೆ ಹರಿದಿದ್ದ ಒಂದು ಮೀನು. ಹರಿದು ಉಳಿದ ಚೂರನ್ನೇ ಬೇರೊಂದು ಪುಟ್ಟ ರೆಕ್ಕೆಯೆಂದು ಬಗೆದು ಅವರು ಆ ಅಂಗವೈಕಲ್ಯವನ್ನು ಇಡೀ ಕುಲಕ್ಕೆ ಹಚ್ಚಿದರು. ವಿದ್ವಾಂಸರ ಬಗ್ಗೆ ಈ ಮೀನಿಗಿರುವ ತಾತ್ಸಾರಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕದಡಿದ ನೀರಿನಲ್ಲಿ ಗಲಗಲ ಸದ್ದು ಮಾಡುವ ದಪ್ಪ ಎರೆ ಎಸೆದರೂ ನಡೆಯುತ್ತದೆ. ತಿಳಿನೀರಿನ ಬಾಸ್ ಹಾಗಲ್ಲ. ಎರೆಯ ಹಿಂದೆಯೇ ಬರುತ್ತದೆ, ಮೂತಿ ತಾಗುವಷ್ಟು ಹತ್ತಿರ ನಿಂತು ಮೇಲಿಂದ ಕೆಳಗೆ ನೋಡುತ್ತದೆ, ಆಮೇಲೆ ಕೇಸರಿಬಾತು-ಉಪ್ಪಿಟ್ಟು ಮುಗಿಸಿ ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದ ಗಂಡಿನ ಕಡೆಯವರ ಹಾಗೆ ತಿರುಗಿ ಹೊರಟುಬಿಡುತ್ತದೆ. ಈ ಅವಮಾನದಿಂದ ಹುಟ್ಟಿದ ದರ್ಶನಕ್ಕೆ ಫಿನೆಸ್ ಎಂದು ಹೆಸರು. ದಾರ ತೆಳ್ಳಗಿರಬೇಕು. ನೈಲಾನಿಗಿಂತ ಫ್ಲೂರೊಕಾರ್ಬನ್ ಮೇಲು. ಅದರ ವಕ್ರೀಭವನಾಂಕ ಸುಮಾರು 1.42, ನೀರಿನದು 1.33, ಎರಡೂ ಹತ್ತಿರವಾದ್ದರಿಂದ ಮೀನಿನ ಕಣ್ಣಿಗೆ ಕಡಿಮೆ ಬೀಳುತ್ತದೆಂದು ವಾದ. ಎರೆ ಎರಡೂವರೆ ಇಂಚಿನ ರಬ್ಬರ್ ಹುಳು. ನೆಡ್ ರಿಗ್ ಎಂಬ ಪ್ರಸಿದ್ಧ ಕಟ್ಟಿನಲ್ಲಿ ಅದನ್ನು ಸಿಕ್ಕಿಸುವ ಅಣಬೆತಲೆಯ ಸೀಸದ ತೂಕ ಹಲವು ಸಲ ಎರಡು ಗ್ರಾಂ ಕೂಡ ಮುಟ್ಟುವುದಿಲ್ಲ, ಸುಮಾರು 1.8.

ಈಗ ಮುಖ್ಯ ಸೂತ್ರ: ಎರೆ ಕುಗ್ಗಿದಂತೆ ದೋಣಿ ಹಿಗ್ಗುತ್ತದೆ. ಈ 1.8 ಗ್ರಾಂ ವಿನಯವನ್ನು ಮೀನಿನ ಸನ್ನಿಧಿಗೆ ಒಯ್ಯುವ ದೋಣಿ ಸುಮಾರು 20 ಅಡಿ ಉದ್ದ; ಮೈತುಂಬ ಮಿನುಗುವ ಬಣ್ಣ, ಹಿಂದೆ 250 ಅಶ್ವಶಕ್ತಿಯ ಯಂತ್ರ. ಲೆಕ್ಕ ಹಾಕಿದರೆ ಗ್ರಾಮಿಗೆ ಸುಮಾರು 139 ಕುದುರೆ. ಅಶ್ವಮೇಧಕ್ಕೂ ಒಂದೇ ಕುದುರೆ ಸಾಕಾಗಿತ್ತು.

ಪೂರ್ವಪಕ್ಷ: ದಡದಲ್ಲಿ ಕೂತು ಬಿದಿರುಕಡ್ಡಿಗೆ ಎರೆಹುಳು ಸಿಕ್ಕಿಸಿದರೆ ಮೀನು ಬೀಳದೇ? ಸಿದ್ಧಾಂತ: ಬೀಳುತ್ತದೆ. ಆದ್ದರಿಂದಲೇ ಅದು ಶಾಸ್ತ್ರವಲ್ಲ.

ಇನ್ನು ಋತುಧರ್ಮ. ವಸಂತದಲ್ಲಿ ನೀರು 15-18 ಡಿಗ್ರಿಗೆ ಏರಿದಾಗ ಗಂಡುಮೀನು ಜಲ್ಲಿ ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟರೆ ಕಾವಲು, ಬಾಣಂತನ ಎಲ್ಲ ಗಂಡಿನ ಪಾಲು. ಆಗ ಅದು ಹುಳುವನ್ನು ಕಚ್ಚುವುದು ಹೆಚ್ಚಾಗಿ ಹಸಿವಿಗಲ್ಲ, ಹೊಸಿಲು ದಾಟಿದ ಅಪರಿಚಿತನನ್ನು ಆಚೆ ದಬ್ಬಲು. ಮನೆ ಕಾಯುವವನನ್ನು ರೇಗಿಸಿ ಹಿಡಿಯುವುದರಲ್ಲಿ ಸೂಕ್ಷ್ಮವೇನಿದೆ ಎಂದು ಕೇಳಬಾರದು, ದಾರ ತೆಳ್ಳಗಿದೆಯಲ್ಲ.

ಬೇಸಿಗೆಯಲ್ಲಿ ಜಲಾಶಯ ಎರಡಂತಸ್ತಿನ ಮನೆ. ಮೇಲೆ ಬಿಸಿನೀರು, ಕೆಳಗೆ ಆಮ್ಲಜನಕ ಕ್ಷೀಣಿಸಿದ ತಣ್ಣೀರು. ಬಾಸ್ ನಡುವಿನ ಗಡಿಯ ಮೇಲುಗಡೆ, ಮುಳುಗಿದ ಮರಗಳ ತುದಿಯಲ್ಲಿ ತೇಲಿಕೊಂಡಿರುತ್ತದೆ. ಡ್ರಾಪ್ ಶಾಟ್ ಎಂಬ ಕಟ್ಟಿಗೆ ಇದು ಸುಗ್ಗಿ: ತೂಕ ದಾರದ ತುದಿಗೆ, ಗಾಳ ಅದಕ್ಕಿಂತ ಅಡಿಯಷ್ಟು ಮೇಲೆ. ದೋಣಿಯ ಸೋನಾರ್ ಪರದೆಯಲ್ಲಿ ಹುಳುವೂ ಒಂದು ಚುಕ್ಕೆ, ಮೀನೂ ಒಂದು ಗೆರೆ. ತಿಳಿನೀರನ್ನು ಹುಡುಕಿಕೊಂಡು ಬಂದವನು ನೀರಿನತ್ತ ಕಣ್ಣೆತ್ತದೆ ದಿನವಿಡೀ ಟಿ.ವಿ. ನೋಡುತ್ತಾನೆ. ಆಳದಿಂದ ಸರ್ರನೆ ಎಳೆದ ಮೀನಿನ ಗಾಳಿಚೀಲ ಉಬ್ಬಿ ಅದು ಮತ್ತೆ ಮುಳುಗಲಾರದೆ ಹೊಟ್ಟೆ ಮೇಲಾಗಿ ತೇಲುವುದುಂಟು. ಆಗ ಪರಿಣತರು ಸೂಜಿ ಚುಚ್ಚಿ ಗಾಳಿ ಬಿಡಿಸುತ್ತಾರೆ. ಪರಿಣತರಿಗೂ ಇಂಥದೊಂದು ಸೂಜಿ ಬೇಕಾಗಬಹುದೆಂಬುದು ಪ್ರಬಂಧಕಾರರ ಖಾಸಗಿ ಅಭಿಪ್ರಾಯ.

ಶರದೃತುವಿನಲ್ಲಿ ಶ್ಯಾಡ್ ಎಂಬ ಸಣ್ಣಮೀನುಗಳು ಹಿನ್ನೀರಿನ ತೋಳುಗಳಿಗೆ ಹೋಗುತ್ತವೆ, ಬಾಸ್ ಹಿಂಬಾಲಿಸುತ್ತದೆ, ದೋಣಿ ಬಾಸನ್ನು ಹಿಂಬಾಲಿಸುತ್ತದೆ. ಮೀನು ಹೊಟ್ಟೆಬಾಕನಾಗುವ ಈ ಕಾಲ ಶಾಸ್ತ್ರಕ್ಕೆ ಅಷ್ಟು ಅನುಕೂಲವಲ್ಲ.

ಶಾಸ್ತ್ರದ ಶಿಖರ ಚಳಿಗಾಲ. ಬಾಸ್ ಶೀತರಕ್ತದ ಜೀವಿ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿ ಕುಗ್ಗಿ ಊಟ ಅಪರೂಪವಾಗುತ್ತದೆ. ಆಗ ಹೇಳಿರುವ ಕ್ರಮ: ಹುಳುವನ್ನು ತಳಕ್ಕಿಳಿಸಿ ಏನೂ ಮಾಡದಿರುವುದು. ಎಳೆಯಬಾರದು, ಕುಣಿಸಬಾರದು. ದೋಣಿ ಮೆಲ್ಲಗೆ ಅಲುಗಿದರೆ ಹುಳುವಿಗೂ ಅಷ್ಟೇ ಚಲನೆ ಸಾಕು. ಏನೂ ಮಾಡದಿರುವುದಕ್ಕೆ ಪ್ರತ್ಯೇಕ ಕಡ್ಡಿ, ಪ್ರತ್ಯೇಕ ರೀಲು, ಪ್ರತ್ಯೇಕ ಕೈಗವಸು ಬೇಕು. ಸರ್ಕಾರಿ ಕಚೇರಿಗಳಲ್ಲಿ ಇದನ್ನು ಯಾವ ಉಪಕರಣವೂ ಇಲ್ಲದೆ ಸಾಧಿಸಿದವರಿದ್ದಾರೆ. ಅವರು ಗ್ರಂಥ ಬರೆಯಲಿಲ್ಲ, ಅಷ್ಟೆ.

ಫಲಶ್ರುತಿ ಇನ್ನೂ ಸ್ವಾರಸ್ಯ. ಇದೇ ನದಿಯ ಮೇಲ್ಭಾಗದ ಬೀವರ್ ಜಲಾಶಯದಲ್ಲಿ 1967ರಲ್ಲಿ ಬಾಸ್ ಪಂದ್ಯ ನಡೆಸಿ ಹೆಸರಾದ ವಿಮಾ ಏಜೆಂಟ್ ರೇ ಸ್ಕಾಟ್, 1972ರಿಂದ ಹಿಡಿದ ಮೀನನ್ನು ಕೊಲ್ಲದೆ ಬಿಡಿರೆಂದು ಪ್ರಚಾರ ಮಾಡಿದರು. ಜನ ಒಪ್ಪಿದರು. ಮೀನನ್ನು ತೂಗಿ, ಫೋಟೊ ತೆಗೆದು, ನೀರಿಗೆ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗುವುದು ರೂಢಿಯಾಯಿತು. ಅದೇ 1972ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜಾನಿ ಮಾರಿಸ್ ಎಂಬ ತರುಣ ತಂದೆಯ ಮದ್ಯದಂಗಡಿಯ ಹಿಂಭಾಗದಲ್ಲಿ ಎಂಟು ಚದರ ಅಡಿ ಜಾಗ ಕೇಳಿ ಪಡೆದು ಗಾಳ, ಎರೆ ಮಾರಲು ಶುರುಮಾಡಿದರು. ಆ ಎಂಟು ಅಡಿ ಇಂದು ದೇಶದುದ್ದಕ್ಕೂ ಹಬ್ಬಿರುವ ಬಾಸ್ ಪ್ರೊ ಶಾಪ್ಸ್. ಅಲ್ಲಿ ಹುಳುವೂ ಸಿಗುತ್ತದೆ, ದೋಣಿಯೂ ಸಿಗುತ್ತದೆ. ಕೊಂಡದ್ದನ್ನು ಯಾರಾದರೂ ತೂಗಿ, ಫೋಟೊ ತೆಗೆದು ವಾಪಸು ಬಿಟ್ಟುಬಂದ ದಾಖಲೆ ಪ್ರಬಂಧಕಾರರ ಕಣ್ಣಿಗೆ ಬಿದ್ದಿಲ್ಲ.