ಪಾಪ, ಪಿಎಚ್‌ಡಿ

"ಚಿಕ್ಕಪ್ಪ, ನನ್ನ ಸೆಲ್ಲೆಲ್ಲ ಸತ್ತುಹೋದ್ವು" ಎಂದು ಒಂದು ಭಾನುವಾರ ಬೆಳಗ್ಗೆ ಫೋನಿನಲ್ಲಿ ಅಳುದನಿ. ಅಯ್ಯೋ ಇಷ್ಟಕ್ಕೆಲ್ಲ ಅಳ್ತಾರಾ ಅಂದುಕೊಂಡು ನಾನು ಚಪ್ಪಲಿ ಮೆಟ್ಟಿ ಹೋಗಿ, ಮೂಲೆಯಂಗಡಿಯಿಂದ ನಾಲ್ಕು ಪೆನ್ಸಿಲ್ ಸೆಲ್ಲು ತಂದಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದವಳು ಅವನ್ನು ನೋಡಿ ಮೊದಲು ನಕ್ಕಳು, ಆಮೇಲೆ ಮತ್ತೆ ಅತ್ತಳು. ಅಣ್ಣನ ಮಗಳ ಸೆಲ್ಲು ಟಾರ್ಚಿಗೆ ಹಾಕುವಂಥದ್ದಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ಅವು ಉಸಿರಾಡುತ್ತವೆ, ಉಣ್ಣುತ್ತವೆ, ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ ದಿನವೇ ನೋಡಿಕೊಂಡು ಸಾಯುತ್ತವೆ.

ಮನೆಯಲ್ಲಿ ಎಲ್ಲರೂ ಅವಳನ್ನು ಪಾಪ ಅಂತಲೇ ಕರೆಯುವುದು. ನಮ್ಮ ಶಿಡ್ಲಘಟ್ಟದ ಕಡೆ ಹೆಣ್ಣುಮಕ್ಕಳಿಗೆ ಅದು ಮುದ್ದಿನ ಹೆಸರು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ ಮೇಲೆ ಆ ಹೆಸರಿಗೆ ಎರಡನೇ ಅರ್ಥವೂ ಕೂಡಿಕೊಂಡಿತು. ಈಗ ಐದನೇ ವರ್ಷ. ಕೈಗೆ ಸದಾ ಸ್ಪಿರಿಟ್ಟಿನ ವಾಸನೆ, ಬೆರಳ ತುದಿಯಲ್ಲಿ ಮಾರ್ಕರಿನ ಮಸಿ. ಯಾವ ಮದುವೆಗೆ ಹೋದರೂ ಮುಹೂರ್ತಕ್ಕೂ ಊಟಕ್ಕೂ ನಡುವೆ ಒಂದು ಸಲ ಗಡಿಯಾರ ನೋಡುತ್ತಾಳೆ. "ಸೆಲ್‌ಗೆ ಊಟ ಹಾಕ್ಬೇಕು" ಅಂತ ಎದ್ದೂ ಹೋಗುತ್ತಾಳೆ. ತಾನು ಎಲೆ ಮುಂದೆ ಕೂತದ್ದು ಕಡಿಮೆ.

ಆ ಊಟವನ್ನೂ ನೋಡಿದ್ದೇನೆ. ರೋಸ್ ಶರಬತ್ತಿನ ಬಣ್ಣ. ಸೆಲ್ಲುಗಳು ಉಂಡು ಹುಳಿ ಮಾಡಿದರೆ ಹಳದಿಗೆ ತಿರುಗುತ್ತದೆ. ಅದಕ್ಕೆ ಕರುವಿನ ರಕ್ತದ ಸೀರಮ್ ಬೆರೆಸುತ್ತಾರೆ ಅನ್ನುವುದು ನನಗೆ ಮಾತ್ರ ಗೊತ್ತು. ಶನಿವಾರ ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ನಮ್ಮಮ್ಮನಿಗೆ "ವಿಟಮಿನ್" ಎಂದು ಹೇಳಿಟ್ಟಿದ್ದೇವೆ.

ಅವಳು ಓದುತ್ತಿರುವುದೇನು ಎಂದು ನಮ್ಮಮ್ಮ ಕೇಳಿದಾಗ ಪಾಪ ಅಜ್ಜಿಯ ಕಣ್ಣನ್ನೇ ತೋರಿಸಿದಳು. ಪೊರೆ ತೆಗೆದು ಹಾಕಿದ ಆ ಲೆನ್ಸಿಗೊಂದು ಕಥೆಯಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕಿದ್ದವು. ಹೊಕ್ಕ ಚೂರು ಕಣ್ಣಿನೊಳಗೆ ತಕರಾರಿಲ್ಲದೆ ಕೂತುಬಿಟ್ಟದ್ದನ್ನು ಹ್ಯಾರಲ್ಡ್ ರಿಡ್ಲಿ ಎಂಬ ಇಂಗ್ಲೆಂಡಿನ ಡಾಕ್ಟರು ಗಮನಿಸಿದರು. ಅಂಥದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಒಬ್ಬರ ಕಣ್ಣಿಗೆ ಹಾಕಿಯೇಬಿಟ್ಟರು. "ಎಲ್ಲಾ ವಸ್ತುಗೂ ಈ ಅದೃಷ್ಟ ಇರಲ್ಲ ಅಜ್ಜಿ" ಎಂದು ಪಾಪ ಮುಂದುವರಿಸಿದಳು. "ಹೊರಗಿನದು ಏನೇ ಬರಲಿ, ದೇಹದ ಕಾವಲಿನ ಸೆಲ್‌ಗಳು ಮೊದಲು ಬಂದು ಮುತ್ಕೊಳ್ತವೆ. ನುಂಗೋಕೆ ನೋಡ್ತವೆ. ನುಂಗೋಕೆ ಆಗದಷ್ಟು ದೊಡ್ಡದಾದ್ರೆ ನಾಲ್ಕಾರು ಸೇರಿ ಒಂದೇ ದೈತ್ಯ ಸೆಲ್ ಆಗಿ ಮತ್ತೆ ನೋಡ್ತವೆ. ಅದೂ ಆಗ್ಲಿಲ್ಲ ಅಂದ್ರೆ ಸುತ್ತ ಗೋಡೆ ಕಟ್ಟಿ, ಯಾರ ಜೊತೆನೂ ಸೇರದ ಹಾಗೆ ಮೂಲೆಗೆ ಕೂರಿಸಿಬಿಡ್ತವೆ."

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಇದಕ್ಕೆ ಪಿಎಚ್‌ಡಿ ಯಾಕಮ್ಮ? ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷದ ಕಥೆ ಕೇಳಿದ್ರೆ ಹೇಳ್ತಿದ್ನಲ್ಲ." ನಮ್ಮಮ್ಮ ಪೊರೆ ತೆಗೆಸಿದ ಕಣ್ಣನ್ನು ಮುಚ್ಚಿಕೊಂಡರು.

ಲ್ಯಾಬಿಗೆ ನಾನು ಹೋದದ್ದು ನಾಲ್ಕೈದು ಸಲ, ಟಿಫಿನ್ ಕ್ಯಾರಿಯರಿನ ನೆಪದಲ್ಲಿ. ಅಲ್ಲಿ ಎರಡು ಪಂಗಡ. ಒಂದು ಮಟೀರಿಯಲ್‌ನವರದು. ಇವರು ಏನನ್ನಾದರೂ ಹಾಳೆಯಂತೆ ಮಾಡಿ ಮೆಷೀನಿಗೆ ಕಚ್ಚಿಸಿ ಎಳೆಯುತ್ತಾರೆ. ಹರಿದರೆ ಒಂದು ನಂಬರು ಬರುತ್ತದೆ, ಸಂಜೆ ಆರಕ್ಕೆ ನಿಶ್ಚಿಂತೆಯಾಗಿ ಚಹಾಕ್ಕೆ ಹೋಗುತ್ತಾರೆ. ಇನ್ನೊಂದು ಇಮ್ಯುನಾಲಜಿಯವರದು. ಇವರನ್ನು "ದೇಹ ಇದನ್ನ ಒಪ್ಪುತ್ತಾ?" ಎಂದು ಕೇಳಿ ನೋಡಿ, "ಯಾವ ದೇಹ? ಎಷ್ಟನೇ ದಿನ?" ಎಂದು ನಿಮ್ಮನ್ನೇ ಕೇಳುತ್ತಾರೆ. ಎರಡು ಪಂಗಡಕ್ಕೂ ಫ್ರಿಜ್ ಮಾತ್ರ ಒಂದೇ, ಹಾಗಾಗಿ ಒಳಗಿನ ಡಬ್ಬಿಗಳ ಮೇಲೆಲ್ಲ ಹೆಸರು, ತಾರೀಕು, "ಮುಟ್ಟಬೇಡಿ". ಪಾಪನ ಡಬ್ಬಿಯ ಮೇಲೆ "ದಯವಿಟ್ಟು" ಕೂಡ ಇದೆ. ಅವಳು ಎರಡು ಪಂಗಡಕ್ಕೂ ಸೇರಿದವಳಾದ್ದರಿಂದ ಎರಡು ಕಡೆಯವರೂ ಮುಟ್ಟುತ್ತಾರೆ.

ವಿದೇಶದಿಂದ ಐಸಿನಲ್ಲಿ ಬರುವ ಆಂಟಿಬಾಡಿಯದೊಂದು ವೈಭವ. ಪೆಟ್ಟಿಗೆ ನೋಡಿದರೆ ಮಾವಿನಹಣ್ಣಿನ ಪಾರ್ಸೆಲ್ಲು. ಒಳಗೆ ಕಿರುಬೆರಳಿನ ತುದಿಯಷ್ಟು ಟ್ಯೂಬು, ಅದರಲ್ಲಿ 100 ಮೈಕ್ರೋಲೀಟರ್, ಅಂದರೆ ಎರಡು ಹನಿ. ಬೆಲೆ ಹತ್ತಾರು ಸಾವಿರ. ಅದನ್ನವರು ಉದ್ಧರಣೆಯ ತೀರ್ಥದಂತೆ ಎರಡೂ ಕೈಯಲ್ಲಿ ಒಯ್ಯುತ್ತಾರೆ. ಪಾಪನ ಸೀನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 42,000 ರೂಪಾಯಿ. ತಿಂಗಳಿಗೆ ಅನ್ನುವುದು ಕಾಗದದ ಮಾತು, ಬರುವುದು ನಮ್ಮ ಕಡೆ ಮಳೆ ಬಂದ ಹಾಗೆ. ಪ್ರಯೋಗದ ಇಲಿಗಳ ಮನೆಗೆ ಮಾತ್ರ ವರ್ಷವಿಡೀ ಎಸಿ.

ಇವರೆಲ್ಲರ ಮೇಲೆ ಗೈಡ್ ಸರ್. ಒಳ್ಳೆಯವರು, ಬಹುಪಾಲು ವಿಮಾನ ನಿಲ್ದಾಣದಲ್ಲಿರುತ್ತಾರೆ. ಅವರು "ಇಂಟರೆಸ್ಟಿಂಗ್" ಅಂದರೆ ಇನ್ನಾರು ತಿಂಗಳ ಕೆಲಸ ಎಂದರ್ಥ. "ವೆರಿ ಇಂಟರೆಸ್ಟಿಂಗ್" ಅಂದ ದಿನ ಪಾಪ ನಮ್ಮ ಮನೆಗೆ ಬಂದು ಮೊಸರನ್ನ ಉಂಡು ಮಾತಿಲ್ಲದೆ ಮಲಗಿದಳು. ಅವರ ಕೋಣೆಯ ಗೋಡೆಯಲ್ಲಿ ಗಡ್ಡದ ಮುದುಕರೊಬ್ಬರ ಚಿತ್ರವಿದೆ. ಮೆಚ್ನಿಕಾಫ್ ಅಂತೆ. 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಮುಳ್ಳಿನ ಸುತ್ತ ಸೆಲ್ಲುಗಳು ಮುತ್ತಿಕೊಂಡದ್ದನ್ನು ಕಂಡವರು. 1908ರ ನೊಬೆಲ್ ಪಾಲು ಸಿಕ್ಕ ಅವರು ದಿನಾ ಹುಳಿಮೊಸರು ಸೇವಿಸುತ್ತಿದ್ದರು, ಆಯಸ್ಸಿಗೆ ಅದೇ ಮದ್ದೆಂದು ನಂಬಿದ್ದರು. ಇಡೀ ಇಮ್ಯುನಾಲಜಿಯಲ್ಲಿ ನನ್ನ ಹೆಂಡತಿ ಒಪ್ಪಿದ್ದು ಇದೊಂದೇ.

ಪಾಪ ಕೆಲಸ ಮಾಡುವ ವಸ್ತು ಯಾವುದು ಎಂದು ಹೇಳಲಿಲ್ಲ ಅಲ್ಲವೇ. ರೇಷ್ಮೆ. ಅವಳಪ್ಪ, ನಮ್ಮಣ್ಣ, ಮೂವತ್ತು ವರ್ಷದಿಂದ ಹುಳು ಸಾಕುತ್ತಿರುವವನು. ಮಗಳು ಸೊಪ್ಪು ಕುಯ್ಯುವುದು ಬೇಡ, ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈ ಸುಟ್ಟುಕೊಳ್ಳುವುದು ಬೇಡ ಎಂದೇ ಸಾಲ ಮಾಡಿ ಓದಿಸಿದ್ದ. ನಾಲ್ಕನೇ ವರ್ಷದಲ್ಲಿ ಅವಳಿಂದ ಫೋನು ಬಂತು: "ಅಪ್ಪ, ಎರಡು ಕೆಜಿ ದ್ವಿತಳಿ ಗೂಡು ಬೇಕು. ಒಂದೇ ಲಾಟ್ ಆಗಿರ್ಬೇಕು. ಲಾಟ್ ಬದಲಾದ್ರೆ ರಿಸಲ್ಟ್ ಬದಲಾಗುತ್ತೆ."

ಅಣ್ಣ ಗೂಡಿನ ಚೀಲ ಹೊತ್ತು ಖುದ್ದಾಗಿ ಬಂದ. ನಾನೂ ಜೊತೆಗಿದ್ದೆ. ಪಾಪ ಬಿಳಿ ಕೋಟು ತೊಟ್ಟು, ಒಂದು ಗೂಡು ತೆಗೆದು, ಕತ್ತರಿಯಿಂದ ಕಚಕ್ಕನೆ ಎರಡು ಹೋಳು ಮಾಡಿದಳು. ಅಣ್ಣ "ಅಯ್ಯೋ!" ಎಂದು ಎದೆ ಹಿಡಿದುಕೊಂಡ. ಒಳ್ಳೆಯ ಗೂಡಿನಲ್ಲಿ ಸುಮಾರು ಒಂದು ಸಾವಿರ ಮೀಟರಿನಷ್ಟು ಒಂದೇ ಎಳೆ ಇರುತ್ತದೆ, ಅದು ಹರಿಯದಿರಲಿ ಎಂದು ಊರಿಗೆ ಊರೇ ಉಸಿರು ಬಿಗಿಹಿಡಿದು ಬದುಕುತ್ತದೆ. ಇಲ್ಲಿ ಮಗಳು ಸುಲಿದ ಶೇಂಗಾ ಸಿಪ್ಪೆಯ ಹಾಗೆ ಹೋಳು ರಾಶಿ ಹಾಕುತ್ತಿದ್ದಾಳೆ. ಆಮೇಲೆ ದೊಡ್ಡ ಬೀಕರಿನಲ್ಲಿ ಸೋಡಿಯಂ ಕಾರ್ಬೊನೇಟ್ ಹಾಕಿದ ನೀರು ಕುದಿಸಿ, ಹೋಳುಗಳನ್ನು ಸುರಿದು, ಮೂವತ್ತು ನಿಮಿಷಕ್ಕೆ ಟೈಮರ್ ಇಟ್ಟಳು. ಕೋಣೆಯ ತುಂಬ ನಮ್ಮೂರಿನ ಫಿಲೇಚರ್ ವಾಸನೆ.

"ಗೂಡು ಬೇಯಿಸ್ಬಾರ್ದು ಅಂತ ಓದ್ಸಿದ್ನಲ್ಲೇ ಪಾಪ" ಅಂದ ಅಣ್ಣ.

"ಅಂಟು ಹೋಗ್ಬೇಕಪ್ಪ. ಹಳೇ ಕಾಲದ ರೇಷ್ಮೆ ಹೊಲಿಗೆ ದಾರಕ್ಕೆ ಮೈ ಉರಿಯೋದು ಈ ಅಂಟಿಂದ ಅಂತ ಎಷ್ಟೋ ವರ್ಷ ಬೈದ್ರು. ಅಂಟು ತೆಗೆದು, ರೇಷ್ಮೆ ಕರಗಿಸಿ, ಎರಡು ಮೂರು ದಿನ ನೀರಲ್ಲಿಟ್ಟು, ಕರಗಿಸೋಕೆ ಹಾಕಿದ ಉಪ್ಪು ಬಿಡಿಸ್ಬೇಕು. ಆಗಾಗ ನೀರು ಬದಲಾಯಿಸ್ತಿರ್ಬೇಕು, ರಾತ್ರಿನೂ."

ಅಣ್ಣ ಬೀಕರಿನಲ್ಲಿ ಇಣುಕಿ, "ಸೌದೆ ಒಲೆ ಆಗಿದ್ರೆ ಒಂದೇ ಹದಕ್ಕೆ ಬೇಯ್ತಿತ್ತು" ಅಂದನಷ್ಟೆ. ಮೊದಲ ವರ್ಷದ ಹುಡುಗನೊಬ್ಬ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಸೆಲ್ ಬೆಳೆಸುವ ಕೋಣೆಯ ಬಾಗಿಲಿನಲ್ಲಿ ಅಣ್ಣ ಹೇಳಿಸಿಕೊಳ್ಳದೆಯೇ ಚಪ್ಪಲಿ ಬಿಟ್ಟ, ಕೈ ಚಾಚಿದ. ಪಾಪ ಸ್ಪಿರಿಟ್ ಸಿಂಪಡಿಸಿದಳು. ಹುಳುಮನೆಗೂ ಹೊರಗಿನವರನ್ನು ಹಾಗೆಲ್ಲ ಬಿಡುವುದಿಲ್ಲ. ಗಾಜಿನಿಂದಾಚೆ 37 ಡಿಗ್ರಿಯ ಪೆಟ್ಟಿಗೆಯಲ್ಲಿ ಸಾಲಾಗಿ ಡಬ್ಬಿಗಳು. ಅದರಲ್ಲೊಂದನ್ನು ಹೊರಗೆ ತೆಗೆದಳು, ಮುಖ ಸಪ್ಪಗಾಗಿತ್ತು. ಶರಬತ್ತಿನ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ.

"ಸುಣ್ಣಕಟ್ಟು" ಎಂದ ಅಣ್ಣ, ರೋಗದ ಹುಳುವಿನ ನಾಡಿ ಹಿಡಿದ ಪಂಡಿತನಂತೆ. "ಮಳೆಗಾಲದಲ್ಲಿ ಬರೋದೇ. ಯಾರೋ ಕೈ ತೊಳೀದೆ ಒಳಗೆ ಬಂದವ್ರೆ."

ಲ್ಯಾಬಿನವರೆಲ್ಲ ಒಟ್ಟಿಗೆ ಮೊದಲ ವರ್ಷದ ಹುಡುಗನ ಕಡೆ ತಿರುಗಿದರು. ಹುಡುಗ ಬರೆಯುವುದನ್ನು ನಿಲ್ಲಿಸಿದ. ಒಂದು ತಿಂಗಳು ಅವನನ್ನು ಬಾಗಿಲ ಪಕ್ಕದ ಮೂಲೆ ಮೇಜಿಗೆ ಕೂರಿಸಿದ್ದರು ಎಂದು ಆಮೇಲೆ ಗೊತ್ತಾಯಿತು. ಸುತ್ತ ಗೋಡೆ ಕಟ್ಟಿರಲಿಲ್ಲ, ಅಷ್ಟೆ.

ಆವತ್ತಿನಿಂದ ಅಣ್ಣ ಬದಲಾದ. "ಮಗಳ ಓದು ಯಾವಾಗ ಮುಗಿಯುತ್ತೆ, ಮದುವೆ ಯಾವಾಗ?" ಎಂದು ನೆಂಟರು ಕೇಳಿದರೆ ಮೊದಲು ಮುಖ ಕೆಳಗೆ ಹಾಕುತ್ತಿದ್ದವನು, ಈಗ ಹೆಗಲ ಟವಲು ಕೊಡವಿ, ಹುಳುವಿನ ಲೆಕ್ಕದಲ್ಲೇ, "ನಾಲ್ಕು ಜ್ವರ ಎದ್ದವಳೆ. ಇನ್ನು ಹಣ್ಣಾಗೋ ಟೈಮು. ಈಗ ಮುಟ್ಟಬಾರ್ದು, ಸೊಪ್ಪು ಹಾಕ್ತಿರ್ಬೇಕು ಅಷ್ಟೆ" ಅನ್ನುತ್ತಾನೆ. ಬೆಳಗಿನ ಜಾವ ಹುಳುಗಳಿಗೆ ಸೊಪ್ಪು ಹಾಕಲು ಎದ್ದಾಗ ಮಗಳಿಗೂ ಫೋನು ಮಾಡಿ "ಪಾಪ, ನೀರು ಬದಲಾಯಿಸ್ದಾ?" ಎಂದು ಎಬ್ಬಿಸುತ್ತಾನೆ.

ಮೊನ್ನೆ ಯುಗಾದಿಗೆ ಎಲ್ಲರೂ ಊರಿನಲ್ಲಿದ್ದೆವು. ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಪಾಪನ ಫೋನು ಕಿಣಿ ಅಂದಿತು. ಓದಿದಳು, ಎಲೆಯ ಮುಂದೆಯೇ ಕಣ್ಣು ತುಂಬಿತು.

"ಏನಾಯ್ತೇ?"

"ಪೇಪರ್ ವಾಪಸ್ ಬಂದಿದೆ ಅಪ್ಪ. ಎರಡನೇ ರಿವ್ಯೂಯರ್ ಮೊದಲಿಂದ ಇನ್ನೊಂದು ಸಲ ಮಾಡಿ ತೋರ್ಸಿ ಅಂದಿದಾರೆ. ಬೇರೆ ಲಾಟ್‌ನಲ್ಲಿ."

ಅಣ್ಣ ಒಬ್ಬಟ್ಟು ಮುರಿಯುತ್ತಲೇ ಕೇಳಿದ:

"ಎಷ್ಟು ಕೆಜಿ ಬೇಕು?"