ನಾನು ನಾನೇ ಎಂದು ಒಪ್ಪದ ಚಾಟ್‌ಬಾಟ್ ಮಹಾಶಯರಿಗೆ

ಶನಿವಾರಸಂತೆ
ಸೋಮವಾರಪೇಟೆ ತಾಲ್ಲೂಕು, ಕೊಡಗು

ನನ್ನ ದುಡ್ಡಿನ ಬಾಗಿಲಲ್ಲಿ ಹಗಲೂ ರಾತ್ರಿ ಕಾವಲು ನಿಂತಿರುವ ಚಾಟ್‌ಬಾಟ್ ಮಹಾಶಯರೇ,

ನಾವಿಲ್ಲಿ ಕ್ಷೇಮ. ನಿಮ್ಮ ಕಡೆಯ ಕ್ಷೇಮ ತಿಳಿಯದು. ನಿಮ್ಮ ಕಡೆ ಎಂದರೆ ಯಾವ ಕಡೆ ಎಂಬುದೂ ತಿಳಿಯದು. ಮನೆಯೊಳಗಿನ ಮಾತನ್ನು ಊರ ಮುಂದೆ ಇಟ್ಟನಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನೇರವಾಗಿ ಬರೆದಾಗಲೆಲ್ಲ ನೀವು ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂದು ಭಾವಿಸುತ್ತೇವೆ’ ಎಂದು ಹೇಳಿ, ಐದು ನಕ್ಷತ್ರ ಕೇಳಿ, ಕಿಟಕಿ ಮುಚ್ಚಿಕೊಂಡಿರಿ. ಭಾವಿಸುವ ಶಕ್ತಿಯೂ ನಿಮಗಿದೆ ಎಂದು ತಿಳಿದು ಸಂತೋಷವಾಯಿತು.

ವಿಷಯ ಇಷ್ಟೇ. ನನ್ನ ಹಳೆಯ ಫೋನು ಮಳೆಗಾಲದಲ್ಲಿ ತೋಟದ ಚರಂಡಿಗೆ ಬಿದ್ದು ತೀರಿಕೊಂಡಿತು. ಹೊಸದು ತಂದೆ. ಕಾಳುಮೆಣಸು ಮಾರಿದ ದುಡ್ಡಿನಲ್ಲಿ ಒಂದಿಷ್ಟು ನಿಮ್ಮ ಕ್ರಿಪ್ಟೊ ವಿನಿಮಯ ಕೇಂದ್ರದಲ್ಲಿ ಇಟ್ಟಿದ್ದೇನಲ್ಲ, ಅದು ಹೇಗಿದೆ ಎಂದು ಮಾತನಾಡಿಸಲು ಬಂದೆ. ಪಾಸ್‌ವರ್ಡ್ ಕೇಳಿದಿರಿ, ಕೊಟ್ಟೆ. ಆರು ಅಂಕಿಯ ಕೋಡ್ ಕೇಳಿದಿರಿ.

ಈ ಕೋಡಿನ ಮರ್ಮ ಓದುಗರಿಗೆ ಗೊತ್ತಿರಲಿ. ಅಥೆಂಟಿಕೇಟರ್ ಆ್ಯಪ್‌ನಲ್ಲಿ ಕಾಣುವ ಆ ಅಂಕಿಗಳು ಎಲ್ಲಿಂದಲೋ ಹಾರಿ ಬರುವುದಿಲ್ಲ. ಆ್ಯಪ್ ಅನ್ನು ಖಾತೆಗೆ ಜೋಡಿಸಿದ ದಿನ ಒಂದು ರಹಸ್ಯ ಕೀಲಿ ಫೋನಿನೊಳಗೆ ಕೂರುತ್ತದೆ. ಅದನ್ನೂ ಫೋನಿನ ಗಡಿಯಾರವನ್ನೂ ಕೂಡಿಸಿ ಲೆಕ್ಕ ಹಾಕಿ, ಮೂವತ್ತು ಸೆಕೆಂಡಿಗೊಮ್ಮೆ ಫೋನೇ ಹೊಸ ಅಂಕಿ ಹುಟ್ಟಿಸುತ್ತದೆ. ನೆಟ್‌ವರ್ಕ್ ಬೇಡ, ಕರೆಂಟ್ ಬೇಡ. ಗಡಿಯಾರ ಮಾತ್ರ ಸರಿ ಇರಬೇಕು. ಅದು ಹಿಂದೆಮುಂದೆಯಾದರೆ ಕೋಡ್ ಸುಳ್ಳಾಗುತ್ತದೆ. ಫೋನ್ ಸತ್ತರೆ ಕೀಲಿಯೂ ಅದರೊಂದಿಗೆ ಸಹಗಮನ ಮಾಡುತ್ತದೆ, ಮೊದಲೇ ಕಾಗದದಲ್ಲೋ ಇನ್ನೆಲ್ಲೋ ಬರೆದಿಟ್ಟುಕೊಂಡಿರದಿದ್ದರೆ. ನಾನು ಬರೆದಿಟ್ಟಿದ್ದೆ. ಕಾಫಿ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನೊಳಗೆ ಭದ್ರವಾಗಿತ್ತು. ಹೊಸ ಫೋನಿಗೆ ಏರಿಸಿದೆ, ಗಡಿಯಾರವನ್ನು ‘ಆಟೊಮ್ಯಾಟಿಕ್’ ಮಾಡಿದೆ, ಕೋಡ್ ಸರಿಯಾಗಿ ಬಂತು, ನೀವೂ ಒಪ್ಪಿದಿರಿ.

ಒಪ್ಪಿದ ಮೇಲೆ ನಿಮಗೆ ಅನುಮಾನ ಶುರುವಾಯಿತು. ಇದು ಹೊಸ ಫೋನು, ಆದ್ದರಿಂದ ಇನ್ನೊಂದು ಒಟಿಪಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ ಎಂದಿರಿ. ಬಂತು. ಇಲ್ಲಿ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಮಲಗುತ್ತದೆ. ಹತ್ತು ನಿಮಿಷ ಆಯುಸ್ಸಿನ ಒಟಿಪಿ ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಬಂದು ‘ಇದನ್ನು ಯಾರಿಗೂ ಹೇಳಬೇಡಿ’ ಎಂದಿತು. ಹೇಳಿದರೂ ಕೆಲಸಕ್ಕೆ ಬಾರದ್ದನ್ನು ಯಾರಿಗೆ ಹೇಳಲಿ? ಕೊನೆಗೆ ಗುಡ್ಡ ಹತ್ತಿ ನಿಂತು ಅದನ್ನೂ ಹಿಡಿದೆ.

ಆಮೇಲೆ ಮುಖ ಕೇಳಿದಿರಿ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು, ತಲೆ ಎಡಕ್ಕೆ ತಿರುಗಿಸಬೇಕು, ಬಲಕ್ಕೆ ತಿರುಗಿಸಬೇಕು. ಮಾಡಿದೆ. ‘ಬೆಳಕು ಸಾಲದು, ಬಿಸಿಲಿರುವ ಜಾಗಕ್ಕೆ ಬನ್ನಿ’ ಎಂದಿರಿ. ಮಹಾಶಯರೇ, ಪುನರ್ವಸು ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ಬಿಸಿಲಿರುವ ಜಾಗ ಎಂದರೆ ಹಳೆಯ ಕ್ಯಾಲೆಂಡರಿನ ಚಿತ್ರ ಮಾತ್ರ. ಹಂಡೆ ಒಲೆಯ ಬೆಂಕಿಯ ಮುಂದೆ ಕೂತು ಕಣ್ಣು ಮಿಟುಕಿಸಿದೆ. ಹೊಗೆಗೆ ಕಣ್ಣು ತಾನಾಗಿಯೇ ಮಿಟುಕಿತು. ‘ನೀವು ಜೀವಂತ ವ್ಯಕ್ತಿ ಎಂದು ಖಚಿತಪಡಿಸಿಕೊಳ್ಳಲಾಗಲಿಲ್ಲ’ ಎಂದು ತೀರ್ಪು ಕೊಟ್ಟಿರಿ. ಮನೆಯಾಕೆ ಅದನ್ನು ಓದಿಸಿಕೊಂಡು, ‘ಇಷ್ಟು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ’ ಎಂದಳು.

ಮುಖ ಇತ್ಯರ್ಥವಾಗುವ ಮೊದಲೇ ಹೆಸರೂ ಕೈಕೊಟ್ಟಿತು. ನಮ್ಮ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಆಧಾರ್‌ನಲ್ಲಿ ಅವು ಹೆಸರಿನ ಹಿಂದಕ್ಕೆ ಹೋಗಿವೆ. ಪಾನ್ ಕಾರ್ಡಿನಲ್ಲಿ ಬರೀ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು; ಹಾಗಾಗಿ ಸ್ವರ್ಗಸ್ಥರಾದ ಅಪ್ಪ ಅಲ್ಲಿ ನನ್ನ ಸರ್‌ನೇಮ್ ಆಗಿ ಬದುಕಿದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಚುಕ್ಕಿಗಳ ಸಮೇತ ಎಲ್ಲವೂ ಮುಂದೆ. ನೀವು ಖಾತೆಗೆ ಒಂದು ರೂಪಾಯಿ ಹಾಕಿ ಹೆಸರು ತಾಳೆ ನೋಡಿದಿರಿ. ರೂಪಾಯಿ ಬಂತು, ಹೆಸರು ತಾಳೆಯಾಗಲಿಲ್ಲ. ಇಷ್ಟು ಕಾಲದ ವ್ಯವಹಾರದಲ್ಲಿ ನಿಮ್ಮಿಂದ ನನ್ನ ಕೈಗೆ ಬಂದ ನಿವ್ವಳ ಲಾಭ ಆ ರೂಪಾಯಿ. ಅದಕ್ಕೆ ಕೃತಜ್ಞ.

ನನ್ನದಾದರೂ ಪರವಾಗಿಲ್ಲ. ಮಡಿಕೇರಿ, ವಿರಾಜಪೇಟೆ ಕಡೆಯ ಕೊಡವರಲ್ಲಿ ಮನೆತನದ ಹೆಸರು ಮೊದಲು, ಅವರವರ ಹೆಸರು ಆಮೇಲೆ. ನಿಮ್ಮ ‘ಫಸ್ಟ್ ನೇಮ್’ ಕಲಂ ನಿಷ್ಠೆಯಿಂದ ತುಂಬಿದರೆ ಇಡೀ ಒಕ್ಕಕ್ಕೆ ಒಂದೇ ಹೆಸರು. ಇನ್ನು ಜಿಲ್ಲೆಯ ಪಟ್ಟಿ ಎಳೆದರೆ ಅಲ್ಲಿರುವುದು ‘ಕೂರ್ಗ್’. ನನ್ನ ಆಧಾರ್‌ನಲ್ಲಿರುವುದು ‘ಕೊಡಗು’. ‘ವಿಳಾಸ ಹೊಂದಿಕೆಯಾಗುತ್ತಿಲ್ಲ’ ಎಂದಿರಿ. ನಮ್ಮೂರ ನಾಡಕಚೇರಿಯನ್ನು ನಾನು ಬೇಕಾದಷ್ಟು ಬೈದಿದ್ದೇನೆ. ಈಗ ಅತ್ತ ಹೋದಾಗ ಕೈ ಮುಗಿಯಬೇಕು ಅನ್ನಿಸುತ್ತದೆ. ಅಲ್ಲಿಯವರು ಕೆಲಸ ನಾಳೆಗೆ ಹಾಕಿದ್ದುಂಟು, ನನ್ನನ್ನು ಇಲ್ಲವೆಂದದ್ದಿಲ್ಲ.

ಇದೆಲ್ಲ ಶುರುವಾದದ್ದು ಹೇಗೆ ಎಂದು ನಿಮಗೆ ನೆನಪಿಸಬೇಕು. 2008ರಲ್ಲಿ ಸಾತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಬರಹದ ತಿರುಳೇ ಇದಲ್ಲವೇ? ನಡುವೆ ಬ್ಯಾಂಕ್ ಬೇಡ, ದಲ್ಲಾಳಿ ಬೇಡ, ಯಾರನ್ನೂ ನಂಬಬೇಕಾಗಿಲ್ಲ, ಲೆಕ್ಕವೇ ಸಾಕ್ಷಿ. ಆ ಪುಣ್ಯಾತ್ಮ ಯಾರೆಂಬುದು ಇವತ್ತಿಗೂ ಲೋಕಕ್ಕೆ ತಿಳಿದಿಲ್ಲ. ತಾನು ಯಾರೆಂದು ಯಾರಿಗೂ ಹೇಳದೆ ಒಂದು ನಾಣ್ಯವನ್ನೇ ಹುಟ್ಟಿಸಿ ಹೋದ. ಆ ನಾಣ್ಯದ ಚೂರೊಂದನ್ನು ನೋಡಲು ಬಂದ ನಾನು ಒಲೆಯ ಮುಂದೆ ಕಣ್ಣು ಮಿಟುಕಿಸುತ್ತಿದ್ದೇನೆ.

ಸರಿ, ನನ್ನ ಗುರುತು ಕೇಳಿ; ಕೇಳಬೇಕೆಂದು ಸರ್ಕಾರವೇ ಹೇಳಿದೆ. 2023ರ ಮಾರ್ಚ್‌ನಿಂದ ನಿಮ್ಮ ವ್ಯಾಪಾರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಆದರೆ ನಿಮ್ಮ ಗುರುತು ನನಗೆ ಯಾರು ಹೇಳುತ್ತಾರೆ? ನಿಮ್ಮ ಕುಲಬಾಂಧವರ ಒಂದು ಕಥೆ ಕೇಳಿ. ವಜೀರ್‌ಎಕ್ಸ್ ಕೇಂದ್ರವನ್ನು ಬೈನಾನ್ಸ್ ಎಂಬ ವಿದೇಶಿ ಕೇಂದ್ರ ಕೊಂಡುಕೊಂಡಿದೆ ಎಂದು 2019ರ ನವೆಂಬರ್‌ನಲ್ಲಿ ಸಾರಲಾಯಿತು. 2022ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ವಜೀರ್‌ಎಕ್ಸ್‌ಗೆ ಸೇರಿದ 64 ಕೋಟಿ ರೂಪಾಯಿಗೂ ಹೆಚ್ಚಿನ ಬ್ಯಾಂಕ್ ಹಣವನ್ನು ತಡೆಹಿಡಿದದ್ದೇ ತಡ, ಬೈನಾನ್ಸ್ ಮುಖ್ಯಸ್ಥರು ಆ ಖರೀದಿ ಪೂರ್ತಿಯಾಗಲೇ ಇಲ್ಲ, ಅದು ನಮ್ಮದಲ್ಲ ಎಂದರು. ವಜೀರ್‌ಎಕ್ಸ್ ಸ್ಥಾಪಕರು ಇಲ್ಲ, ನಿಮ್ಮದೇ ಎಂದರು. ಈ ಸಂಭಾಷಣೆ ನಡೆದದ್ದು ಟ್ವಿಟರ್‌ನಲ್ಲಿ, ಎಲ್ಲರೆದುರು. ಗ್ರಾಹಕನ ಪಾನ್, ಆಧಾರ್, ಮುಖ, ಅಪ್ಪನ ಹೆಸರು ಎಲ್ಲ ಕೇಳಿಟ್ಟುಕೊಂಡ ಮನೆಗೆ ತನ್ನ ಅಪ್ಪ ಯಾರೆಂಬುದೇ ತಕರಾರು.

ನಮ್ಮೂರಿನ ಶನಿವಾರದ ಸಂತೆಗೆ ಹಸಿಮೆಣಸಿನಕಾಯಿ ಕೊಳ್ಳಲು ಬರುವ ವ್ಯಾಪಾರಿಯೂ ಹರಿಶ್ಚಂದ್ರನೇನಲ್ಲ. ತೂಕದಲ್ಲಿ ಅವನ ಹೆಬ್ಬೆರಳ ಪಾಲೂ ಇರುತ್ತದೆ, ನಮಗೆ ಗೊತ್ತು. ಆದರೆ ಈ ವಾರ ದುಡ್ಡು ಬಾಕಿ ಉಳಿಸಿದರೆ ಮುಂದಿನ ಶನಿವಾರ ಅವನು ಅದೇ ಜಾಗದಲ್ಲಿ, ಅದೇ ಟಾರ್ಪಾಲಿನ ಕೆಳಗೆ ಸಿಗುತ್ತಾನೆ. ಸಿಗದೆ ಹೋದರೆ ಅವನಿಗೆ ಕಾಯಿ ಸಿಗುವುದಿಲ್ಲ. ನೀವು ಯಾವ ಟಾರ್ಪಾಲಿನ ಕೆಳಗೆ ಸಿಗುತ್ತೀರಿ?

ಭದ್ರತೆಗಾಗಿ ಇಷ್ಟೆಲ್ಲ ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಕಳ್ಳ ಹೇಗೆ ಒಳಗೆ ಹೋಗುತ್ತಾನೆ? 2024ರ ಜುಲೈ 18ರಂದು ಅದೇ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಎದ್ದುಹೋಯಿತು. ಒಬ್ಬರ ಸಹಿ ಸಾಲದು, ಹಲವರ ಸಹಿ ಬೀಳಲೇಬೇಕು ಎಂಬ ಬಂದೋಬಸ್ತಿನ ವ್ಯಾಲೆಟ್ ಅದು. ಪರದೆಯ ಮೇಲೆ ಒಂದು ಕಂಡಿತು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಕದ್ದವರು ಉತ್ತರ ಕೊರಿಯಾದವರೆಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಮೂರೂ ಕೂಡಿ ಹೇಳಿದವು. ಅವರೇನು ಬಿಸಿಲಿಗೆ ಬಂದು ತಲೆ ಎಡಕ್ಕೆ ತಿರುಗಿಸಿದರೇ? ವಿಚಿತ್ರವೆಂದರೆ ಅದಾದ ಮೇಲೆ ಅಲ್ಲಿನ ಗ್ರಾಹಕರಿಗೆ ಲಾಗಿನ್ ತೊಂದರೆಯೇ ಇರಲಿಲ್ಲ. ಒಳಗೆ ಹೋಗಿ ತಮ್ಮ ಬಾಕಿಯ ದರ್ಶನ ಮಾಡಬಹುದಿತ್ತು, ಕ್ರಿಪ್ಟೊ ಮುಟ್ಟುವಂತಿರಲಿಲ್ಲ. ವ್ಯವಹಾರ ಸಿಂಗಪುರದ ಹೈಕೋರ್ಟಿಗೆ ಹೋಗಿ, ಕೇಂದ್ರ ಮತ್ತೆ ಬಾಗಿಲು ತೆರೆದದ್ದು 2025ರ ಅಕ್ಟೋಬರ್‌ನಲ್ಲಿ.

ಅದಕ್ಕೂ ಮುಂಚೆ, 2025ರ ಜುಲೈನಲ್ಲಿ, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಕೇಂದ್ರದಿಂದ 4.4 ಕೋಟಿ ಡಾಲರ್ ಹೋಯಿತು. ಉದ್ಯೋಗಿಯೊಬ್ಬರ ಆಫೀಸಿನ ಲ್ಯಾಪ್‌ಟಾಪ್ ಮೂಲಕ ನುಗ್ಗಿದ್ದಾರೆಂದು ಬೆಂಗಳೂರು ಪೊಲೀಸರ ತನಿಖೆ ಹೇಳಿತು. ಗ್ರಾಹಕರ ದುಡ್ಡಿಗೆ ಕೈ ಬಿದ್ದಿಲ್ಲ, ನಷ್ಟ ನಮ್ಮ ಬೊಕ್ಕಸದಿಂದಲೇ ಎಂದು ಕಂಪನಿ ಹೇಳಿತು. ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಪೊಲೀಸರ ಮಾತು ಬಂತು. ಖಾತೆ ತೆರೆಯಲಾಗದೆ ಒದ್ದಾಡಿದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ನನಗೆ ಸಿಕ್ಕಿದ್ದು ಅವರಿಂದಲೇ. 2020ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಸಿಕ್ಕಿಬಿದ್ದ ಹ್ಯಾಕರ್‌ನಿಂದ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶವಾಗಿದೆ ಎಂದು 2021ರ ಜನವರಿಯಲ್ಲಿ ಘೋಷಣೆಯಾಯಿತು. ಆ ವ್ಯಾಲೆಟ್ ತೆರೆದು ನೋಡಿದರೆ ಅದರಲ್ಲಿ 186ಕ್ಕೂ ಹೆಚ್ಚು! ಹಿಗ್ಗುವಷ್ಟರಲ್ಲಿ ತಜ್ಞರು ಹೇಳಿದರು: ಇದು ಅವನ ವ್ಯಾಲೆಟ್ಟೇ ಅಲ್ಲ, ಯಾವುದೋ ವಿನಿಮಯ ಕೇಂದ್ರದ ಚಾಲ್ತಿ ವ್ಯಾಲೆಟ್, ಅವನ ಬಳಿ ಕೀಲಿಯೂ ಇಲ್ಲ. ಠಾಣೆಗೆ ಒಂದು ಬಿಟ್‌ಕಾಯಿನ್ನೂ ಬರಲಿಲ್ಲ. ರಾಜ್ಯದ ರಾಜಕೀಯವಂತೂ ಆ ಹೆಸರಿನಲ್ಲಿ ಒಂದಿಡೀ ಹಂಗಾಮು ನಡೆಯಿತು. ಹೊರದೇಶದಲ್ಲೂ ಇಂಥದೇ ಕಥೆ: ಕೆನಡಾದ ಕ್ವಾಡ್ರಿಗಾ ಕೇಂದ್ರದ ಯಜಮಾನ 2018ರ ಡಿಸೆಂಬರ್‌ನಲ್ಲಿ ಜೈಪುರದಲ್ಲಿ ತೀರಿಕೊಂಡಾಗ ಪಾಸ್‌ವರ್ಡ್ ಅವನ ತಲೆಯಲ್ಲೇ ಇತ್ತಂತೆ. ಜನ ತಲೆ ಚಚ್ಚಿಕೊಂಡರು. ಆಮೇಲೆ ಲೆಕ್ಕ ಬಿಡಿಸಿದವರು ಹೇಳಿದ್ದು, ಪಾಸ್‌ವರ್ಡ್ ಸಿಕ್ಕಿದ್ದರೂ ಅಷ್ಟೆ, ದುಡ್ಡನ್ನು ಅವನು ಬದುಕಿದ್ದಾಗಲೇ ಕರಗಿಸಿದ್ದ ಎಂದು.

ನನ್ನ ಖಾತೆಯನ್ನು ಒಬ್ಬರು ಮಾತ್ರ ಸಲೀಸಾಗಿ ನೋಡುತ್ತಾರೆ: ಆದಾಯ ತೆರಿಗೆ ಇಲಾಖೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ನಷ್ಟವಾದರೆ ಅದನ್ನು ಯಾವ ಲಾಭದಲ್ಲೂ ಕಳೆಯುವಂತಿಲ್ಲ, ಜುಲೈನಿಂದ ಮಾರಿದಾಗಲೆಲ್ಲ ಶೇ 1 ಟಿಡಿಎಸ್. ನೀವು ನನಗೆ ತೋರಿಸದ ವ್ಯವಹಾರ ಇಲಾಖೆಯ ಪೋರ್ಟಲ್‌ನಲ್ಲಿ ಪೈಸೆ ಸಮೇತ ಕಾಣುತ್ತಿದೆ. ಅಲ್ಲಿ ಹೆಸರು ತಾಳೆಯಾಗದ ಸಮಸ್ಯೆಯೇ ಬರಲಿಲ್ಲ.

ಇನ್ನೊಬ್ಬ ಮಹನೀಯನೂ ನನ್ನನ್ನು ಗುರುತಿಸಿದ. ಗೂಗಲ್‌ನಲ್ಲಿ ನಿಮ್ಮ ಸಹಾಯವಾಣಿಯ ನಂಬರ್ ಹುಡುಕಿದ ಸಂಜೆಯೇ ಫೋನ್ ಬಂತು. ‘ನಮಸ್ಕಾರ ಅಣ್ಣಾ, ಊಟ ಆಯ್ತಾ?’ ಎಂದ. ಅಚ್ಚ ಕನ್ನಡ. ನನ್ನ ಹೆಸರನ್ನು ಎರಡೂ ಇನಿಷಿಯಲ್ ಸಮೇತ, ಸರಿಯಾದ ಕ್ರಮದಲ್ಲಿ ಹೇಳಿದ. ಮಳೆ ವಿಚಾರಿಸಿದ. ಬಿಸಿಲಿಗೆ ಬನ್ನಿ ಎನ್ನಲಿಲ್ಲ, ಕಣ್ಣು ಮಿಟುಕಿಸಿ ಎನ್ನಲಿಲ್ಲ. ಪರದೆ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡು ಒಟಿಪಿ ಹೇಳಿದರೆ ಎರಡೇ ನಿಮಿಷ, ಖಾತೆ ತೆರೆದುಕೊಳ್ಳುತ್ತದೆ ಎಂದ. ತೆರೆದುಕೊಳ್ಳುತ್ತಿತ್ತು, ಅನುಮಾನವಿಲ್ಲ. ಯಾವ ಆಫೀಸಿನಿಂದ ಎಂದು ಕೇಳಿದ್ದಕ್ಕೆ ಲೈನ್ ಕತ್ತರಿಸಿದ. ಆ ಪ್ರಶ್ನೆ ನಿಮ್ಮವರಿಗೆ ಹಿಡಿಸದಿರುವುದು ಸಹಜವೇ, ಅವನಿಗೂ ಹಿಡಿಸಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅವನ ನಂಬರ್ ಕೊಟ್ಟಿದ್ದೇನೆ. ಅವನು ಸಿಕ್ಕರೆ ಶಿಕ್ಷೆ ಮುಗಿಸಿ ಬರಲಿ, ಆಮೇಲೆ ದಯವಿಟ್ಟು ನಿಮ್ಮ ಗ್ರಾಹಕ ಸೇವಾ ವಿಭಾಗದಲ್ಲಿ ಕೆಲಸ ಕೊಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಅನ್ನ ತಿನ್ನುವ, ಕನ್ನಡ ಬಲ್ಲ ಒಬ್ಬ ಮನುಷ್ಯನನ್ನು ಹತ್ತು ನಿಮಿಷ ವಿಡಿಯೊ ಕರೆಗೆ ಕೂರಿಸಿ. ಆಧಾರ್, ಪಾನ್, ಪಾಸ್‌ಬುಕ್, ಬೇಕಿದ್ದರೆ ಪಹಣಿ, ಎಲ್ಲ ಹಿಡಿದು ನಾನು ಕೂತಿರುತ್ತೇನೆ. ಒಂದೇ ಷರತ್ತು: ಮಾತು ಶುರುವಾಗುವ ಮುನ್ನ ಆತ ತನ್ನ ಗುರುತಿನ ಚೀಟಿಯನ್ನು ಕೆನ್ನೆಯ ಪಕ್ಕ ಹಿಡಿದು, ಕಣ್ಣು ಮಿಟುಕಿಸಿ, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಬೆಳಕು ಸಾಲದಿದ್ದರೆ ನಾನು ಹೇಳುತ್ತೇನೆ.

ಇಂತಿ,
ಜೀವಂತನೆಂದು ಇನ್ನೂ ಖಚಿತವಾಗದ
ನಿಮ್ಮ ಗ್ರಾಹಕ

ತಾ.ಕ.: ಉತ್ತರವನ್ನು ‘ನೋಂದಾಯಿತ ಇಮೇಲ್’ಗೆ ಕಳಿಸಬೇಡಿ, ಅಂಚೆಗೆ ಹಾಕಿ. ಹೊಸ ಫೋನಿನಿಂದ ಆ ಇಮೇಲ್ ತೆರೆಯಲು ಹೋದರೆ, ‘ಇದು ನೀವೇನಾ?’ ಎಂದು ಹಳೆಯ ಫೋನನ್ನು ಕೇಳಿದ್ದೇವೆ, ಅದರಲ್ಲಿ ‘ಹೌದು’ ಒತ್ತಿ ಎನ್ನುತ್ತಿದೆ.